ಕಾಲುವೆ ಸೇತುವೆಯ ಮೇಲೆ ಕಾಯುವ ಗೆಳತಿ

ಕಾರಟಗಿಯಿಂದ ಸಿಂಧನೂರಿಗೆ ಹೋಗುವ ರಸ್ತೆಯಿಂದ ಒಳಗೆ ಸರಿದಿರುವ ನಮ್ಮ ಹಳ್ಳಿಯಲ್ಲಿ ಶಾಲೆ ಇರುವುದು ಏಳನೆಯ ತರಗತಿಯವರೆಗೆ ಮಾತ್ರ. ಪ್ರೌಢಶಾಲೆಗೆ ನಾಲ್ಕು ಕಿಲೋಮೀಟರ್ ಹೋಗಬೇಕು. ಮಗಳು ಎಂಟನೆಯ ತರಗತಿಗೆ ಸೇರಿದಾಗ ಸೈಕಲ್ ಕೊಡಿಸಿ, 5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷವಾದರೂ ಮೈ ದಣಿಯುವ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿರುವುದನ್ನು, ಹೋಗಿ ಬರುವುದರಲ್ಲೇ ಅದರ ದೊಡ್ಡ ಪಾಲು ಮುಗಿಯುವುದನ್ನು ಅವಳಿಗೆ ತಿಳಿಯಹೇಳಿದೆ. ಅವಳು ಗೋಣು ಹಾಕಿದಳು. ಸೈಕಲ್ ಮಾತ್ರ ಎರಡು ವಾರ ಗೋಡೆಗೆ ಒರಗಿಯೇ ಇತ್ತು.

ಅದನ್ನು ಹೊರಗೆ ತಂದವಳು ಪಕ್ಕದ ಕ್ಯಾಂಪಿನ, ಅಂದರೆ ಆಂಧ್ರದಿಂದ ಬಂದು ನೆಲೆಸಿದ ರೈತರ ಊರಿನ, ಒಬ್ಬ ಹುಡುಗಿ. ಬೆಳಿಗ್ಗೆ ಒಂಬತ್ತಕ್ಕೆ ಸ್ವಲ್ಪ ಮುಂಚೆ ಅವಳು ತುಂಗಭದ್ರಾ ಎಡದಂಡೆ ಕಾಲುವೆಯ ಉಪಕಾಲುವೆ ದಾಟುವ ಸಣ್ಣ ಸೇತುವೆಯ ಮೇಲೆ ನಿಲ್ಲುತ್ತಾಳೆ. ಒಂದು ಕಾಲು ಕಟ್ಟೆಯ ಮೇಲೆ, ಇನ್ನೊಂದು ಪೆಡಲಿನ ಮೇಲೆ, ಹಳೆಯ ಟ್ಯೂಬಿನಿಂದ ಕ್ಯಾರಿಯರಿಗೆ ಬಿಗಿದ ಪಾಟೀಚೀಲ. "ಅಕಿ ಕಾಯಾಕತ್ತಿರ್ತಾಳಪಾ, ಲಗೂ ಬಿಡು" ಎಂದು ನನ್ನ ಮಗಳು ಅರ್ಧ ರೊಟ್ಟಿಯನ್ನು ಕೈಯಲ್ಲಿ ಹಿಡಿದೇ ಓಡುತ್ತಾಳೆ. ಕಳೆದ ಶ್ರಾವಣದಲ್ಲಿ ಆ ಹುಡುಗಿ ಜ್ವರ ಬಂದು ನಾಲ್ಕು ದಿನ ಮಲಗಿದಾಗ, ನಾಲ್ಕೂ ದಿನ ಮಗಳು ಬೈಕಿನಲ್ಲಿ ಬಿಟ್ಟುಬರಲು ನನ್ನನ್ನು ಕೇಳಿದಳು. ದಾರಿ ಅದೇ, ಸೈಕಲ್ ಅದೇ, ಇಲ್ಲದ್ದು ಜೊತೆಗಾತಿ ಮಾತ್ರ.

ಈಗ ನಾಲ್ವರಿದ್ದಾರೆ. ಮನೆಯವರ ಕಣ್ಣೂ ಇಲ್ಲದ, ಮೇಷ್ಟ್ರ ಕಣ್ಣೂ ಇಲ್ಲದ ಆ ಇಪ್ಪತ್ತೈದು ನಿಮಿಷ ಪೂರ್ತಿಯಾಗಿ ಅವರದು. ಕನ್ನಡ, ತೆಲುಗು ಎರಡೂ ಬೆರೆತ ಮಾತು, ಬರುವಾಗ ಹುಣಸೆಮರದ ಕೆಳಗೆ ಒಂದು ನಿಲುಗಡೆ. ಹದಿಮೂರು ಹದಿನಾಲ್ಕರ ಹುಡುಗಿಗೆ ನಮ್ಮ ಹಳ್ಳಿಗಳಲ್ಲಿ ಇಂಥ ಹೊತ್ತು ಬೇರೆಲ್ಲಿ ಸಿಗುತ್ತದೆ?

2006–07ರಲ್ಲಿ ಸರ್ಕಾರ ಎಂಟನೆಯ ತರಗತಿಯವರಿಗೆ ಉಚಿತ ಸೈಕಲ್ ಕೊಡಲು ತೊಡಗಿದ್ದರ ಬೆಲೆ ನನಗೆ ಈಗ ಹೆಚ್ಚಾಗಿ ತಿಳಿಯುತ್ತಿದೆ. ಒಂದೇ ದಿನ, ಒಂದೇ ಬಗೆಯ ಸೈಕಲ್ ಇಡೀ ತರಗತಿಯ ಕೈಗೆ ಬಂದಾಗ, ಯಾರೂ ಹೇಳದೆಯೇ ಒಂದು ಗುಂಪು ಸಿದ್ಧವಾಗುತ್ತಿತ್ತು. ಕೋವಿಡ್ ಕಾಲದಲ್ಲಿ ಆ ವಿತರಣೆ ನಿಂತ ಮೇಲೆ ನಮ್ಮೂರಿನಲ್ಲಿ ಸೈಕಲ್ ಕೊಳ್ಳಬಲ್ಲವರ ಮಕ್ಕಳಷ್ಟೇ ತುಳಿಯುತ್ತಾರೆ, ಉಳಿದವರು ನಡೆಯುತ್ತಾರೆ ಅಥವಾ ಯಾರದಾದರೂ ಬೈಕಿಗೆ ಕೈ ಮಾಡುತ್ತಾರೆ.

ಮಾರ್ಚ್ ತಿಂಗಳ ಬಿಸಿಲನ್ನು ಮಕ್ಕಳು ಹೇಗೋ ತಾಳಿಕೊಳ್ಳುತ್ತಾರೆ. ತಾಯಂದಿರ ಎದೆ ನಡುಗಿಸುವುದು ಭತ್ತದ ಸುಗ್ಗಿ. ನವೆಂಬರ್ ಬಂದರೆ ರಸ್ತೆಯ ಒಂದು ಬದಿಯಲ್ಲಿ ಉದ್ದಕ್ಕೂ ಭತ್ತ ಒಣಗಹಾಕಿರುತ್ತಾರೆ, ಕಾಳಿನ ಮೇಲೆ ಗಾಡಿ ಹಾಯದಿರಲೆಂದು ಅಂಚಿಗೆ ಕಲ್ಲು ಇಟ್ಟಿರುತ್ತಾರೆ. ಉಳಿದರ್ಧದಲ್ಲಿ ಕೊಯ್ಲಿನ ಯಂತ್ರ, ಹಿಂದೆ ದೀಪವಿಲ್ಲದ ಟ್ರಾಲಿ, ಅವುಗಳ ನಡುವೆ ನಮ್ಮ ಹುಡುಗಿಯರು. ಕಳೆದ ಸುಗ್ಗಿಯಲ್ಲಿ ಇಬ್ಬರನ್ನು ಮನೆಯವರು ಸೈಕಲ್ ಬಿಡಿಸಿದರು, ಅದಕ್ಕಾಗಿ ಅವರನ್ನು ದೂರಲು ನನಗೆ ಮನಸ್ಸಿಲ್ಲ. ನಾನೂ ಭತ್ತ ಬೆಳೆಯುವವನೇ, ನನ್ನ ಭತ್ತವೂ ಅದೇ ರಸ್ತೆಯಲ್ಲಿ ಒಣಗಿದೆ. ಈ ಸಲ ಸೇತುವೆಯಿಂದ ಶಾಲೆಯವರೆಗೆ ಯಾರೂ ರಸ್ತೆಯ ಮೇಲೆ ಒಣಗಹಾಕಬಾರದೆಂದು ಐದಾರು ರೈತರು ಒಪ್ಪಿದ್ದೇವೆ, ಮಿಕ್ಕವರನ್ನು ಕೇಳುತ್ತಿದ್ದೇವೆ.

ನಿನ್ನೆ ಸಂಜೆ ಕಣದಲ್ಲಿ ನಾಲ್ವರೂ ಸೇರಿ ಏಳನೆಯ ತರಗತಿಯ ಒಬ್ಬ ಹುಡುಗಿಗೆ ಸೈಕಲ್ ಕಲಿಸುತ್ತಿದ್ದರು. ಒಬ್ಬಳು ಹ್ಯಾಂಡಲ್ ಹಿಡಿದಿದ್ದಳು, ಇಬ್ಬರು ಹಿಂದಿನಿಂದ ಸೀಟು ಹಿಡಿದು ಓಡುತ್ತಿದ್ದರು, ನನ್ನ ಮಗಳು ಮುಂದೆ ನಿಂತು "ಕೆಳಗ ನೋಡಬ್ಯಾಡ, ನನ್ನ ನೋಡು" ಎಂದು ಕೂಗುತ್ತಿದ್ದಳು. ಬರುವ ಜೂನ್‌ನಿಂದ ಆ ಹುಡುಗಿಯೂ ಇವರ ಜೊತೆ ಹೋಗುವವಳು.