ಆಗುಂಬೆ ಮಳೆಯಲ್ಲಿ 20.9 ತೋರಿಸದ ಮೀಟರ್

ಜುಲೈ ಬಂತೆಂದರೆ ಶಿವಮೊಗ್ಗ, ತೀರ್ಥಹಳ್ಳಿ, ಆಗುಂಬೆ ಕಡೆ ಅನಿಲದಲ್ಲಿ ಆಕ್ಸಿಜನ್ ಶೇಕಡಾ ಎಷ್ಟಿದೆ ಎಂದು ಹೇಳುವ ಮೀಟರುಗಳ ಮೇಲೆ ಒಂದೇ ದೂರು: ಹೊರಗಿನ ಗಾಳಿಗೆ ಶೇ 20.9 ಬರಬೇಕಾದ್ದು 20.2ರಲ್ಲೇ ನಿಂತಿದೆ. ಸ್ಪ್ಯಾನ್, ಅಂದರೆ ಮೇಲಿನ ಅಂಕಿ ಹೊಂದಿಸುವ ತಿರುಪು, ತಿರುಗಿಸಿ 20.9ಕ್ಕೆ ತಂದುಬಿಡಲು ಕೈ ತುರಿಸುತ್ತದೆ. ಬೇಡ. ಮೀಟರ್ ಸರಿಯಾಗಿಯೇ ಹೇಳುತ್ತಿದೆ.

20.95 ಎಂಬುದು ಒಣ ಗಾಳಿಯ ಲೆಕ್ಕ. 25 ಡಿಗ್ರಿಯಲ್ಲಿ ಗಾಳಿ ತೇವದಿಂದ ತುಂಬಿದ್ದರೆ ನೀರಾವಿಯ ಒತ್ತಡ ಸುಮಾರು 32 ಹೆಕ್ಟೊಪ್ಯಾಸ್ಕಲ್. ಶಿವಮೊಗ್ಗದ ಎತ್ತರದಲ್ಲಿ ಗಾಳಿಯ ಒಟ್ಟು ಒತ್ತಡ 947ರ ಆಸುಪಾಸು. ಅಂದರೆ ಶೇ 3.3ರಷ್ಟು ಜಾಗ ನೀರಾವಿಯ ಪಾಲಾಯಿತು, ಆಕ್ಸಿಜನ್‌ಗೆ ಉಳಿದದ್ದು 20.25. ಅದನ್ನೇ 20.9 ಎಂದು ಮೀಟರಿಗೆ ಒಪ್ಪಿಸಿದರೆ ಆಮೇಲೆ ಒಣ ಅನಿಲದ ರೀಡಿಂಗ್ ಎಲ್ಲ ಉಬ್ಬುತ್ತವೆ. ಗಾಳಿಯಿಂದ ರೋಗಿಗೆ ಆಕ್ಸಿಜನ್ ಬೇರ್ಪಡಿಸಿ ಕೊಡುವ ಕಾನ್ಸಂಟ್ರೇಟರಿನಿಂದ ನಿಜಕ್ಕೂ 88 ಬರುತ್ತಿದ್ದರೂ ಮೀಟರ್ 91 ಎನ್ನುತ್ತದೆ. ರೋಗಿಯ ಮಟ್ಟಿಗೆ ಇದು ಸಣ್ಣ ತಪ್ಪಲ್ಲ.

ಎತ್ತರದ್ದು ಇನ್ನೊಂದು ಕಥೆ. ಬ್ಯಾಟರಿಯಂತೆ ಆಕ್ಸಿಜನ್ನಿಂದ ಕರೆಂಟು ಹುಟ್ಟಿಸುವ ಸೀಸದ ಗ್ಯಾಲ್ವಾನಿಕ್ ಸೆಲ್ ಅಳೆಯುವುದು ಶೇಕಡಾವಾರನ್ನಲ್ಲ, ಆಕ್ಸಿಜನ್ನಿನ ಒತ್ತಡವನ್ನು. ಮಂಗಳೂರಲ್ಲಿ ಹೊಂದಿಸಿದ ಮೀಟರ್ ಘಾಟಿ ಹತ್ತಿ ಶಿವಮೊಗ್ಗಕ್ಕೆ ಬಂದರೆ, ಒತ್ತಡದ ತಿದ್ದುಪಡಿ ಇಲ್ಲದಿದ್ದಲ್ಲಿ, ಒಣ ಗಾಳಿಗೂ 19.6 ತೋರಿಸುತ್ತದೆ. ಬಳಸುವ ಊರಲ್ಲೇ ಕ್ಯಾಲಿಬ್ರೇಟ್ ಮಾಡಬೇಕು.

ಮೊದಲು ಝೀರೊ, ಅಂದರೆ ಆಕ್ಸಿಜನ್ ಇಲ್ಲದಾಗ ಸೊನ್ನೆ ತೋರಿಸುವಂತೆ ಹೊಂದಿಸುವುದು. 99.999 ಶುದ್ಧತೆಯ ನೈಟ್ರೋಜನ್, ನಿಮಿಷಕ್ಕೆ ಅರ್ಧ ಲೀಟರ್, ಅಥವಾ ಸ್ಯಾಂಪಲ್ ಹರಿಯುವಷ್ಟೇ. ಹೊರಹೋಗುವ ಬಾಯಿ ತೆರೆದಿರಲಿ. ಮುಚ್ಚಿದ್ದರೆ ಸೆಲ್ಲಿನಲ್ಲಿ ಒತ್ತಡ ಏರಿ ಮುಂದೆ ಸ್ಪ್ಯಾನ್ ಕೆಡುತ್ತದೆ. ಅಂಕಿ ಅಲುಗಾಡದೆ ನಿಂತ ಮೇಲಷ್ಟೇ ಗುಂಡಿ ಒತ್ತಿ. ಆಮೇಲೆ ತೇವ ಹೀರುವ ಸಿಲಿಕಾ ಜೆಲ್ ಕೊಳವೆಯ ಮೂಲಕ ಎಳೆದ ಗಾಳಿಗೆ ಸ್ಪ್ಯಾನ್ 20.9. ಮಲೆನಾಡಿನ ಮಳೆಗಾಲದಲ್ಲಿ ಜೆಲ್ ಬೇಗ ಸೋಲುತ್ತದೆ. ಅದರ ನೀಲಿ ಬಣ್ಣ ಗುಲಾಬಿಗೆ ತಿರುಗಿದರೆ 110-120 ಡಿಗ್ರಿಯಲ್ಲಿ ಕಾಯಿಸಿ, ಮತ್ತೆ ನೀಲಿಯಾದಾಗ ಬಳಸಿ. ಕೊನೆಗೊಮ್ಮೆ ಝೀರೊ ಮತ್ತೆ ನೋಡಿ. ಕಾದ ಪಿಂಗಾಣಿಯಂಥ ಸೆಲ್ಲಿನಿಂದ ಅಳೆಯುವ ಜಿರ್ಕೋನಿಯಾ ಮೀಟರಿಗೆ ಮಾತ್ರ ಶುದ್ಧ ನೈಟ್ರೋಜನ್ ಕೊಡಬಾರದು, ಅದರ ಲೆಕ್ಕ ಲಾಗರಿದಮ್ಮಿನದು, ಸೊನ್ನೆಯೇ ಇಲ್ಲ. ಶೇ 2ರ ಹತ್ತಿರದ ಪ್ರಮಾಣಿತ ಅನಿಲ ಬೇಕು.

ಬೇರೆ ಅನಿಲಗಳ ಕಾಟ ಸೆಲ್ಲಿನ ಜಾತಿಯ ಮೇಲೆ ಹೋಗುತ್ತದೆ. ಕಾಂತ ಆಕ್ಸಿಜನ್ನನ್ನು ಎಳೆಯುವುದನ್ನೇ ಅಳೆಯುವ ಪ್ಯಾರಾಮ್ಯಾಗ್ನೆಟಿಕ್‌ಗೆ ಕಾರ್ಬನ್ ಡೈಆಕ್ಸೈಡ್ ಅಂಥ ಶತ್ರುವಲ್ಲ: ಬರೀ ಅದನ್ನೇ ತುಂಬಿದರೂ ಮೈನಸ್ 0.27. ಭತ್ತದ ಹೊಟ್ಟು ಉರಿಸುವ ರೈಸ್‌ಮಿಲ್ ಬಾಯ್ಲರಿನ ಹೊಗೆಯಲ್ಲಿ ಅದು ಶೇ 13 ಇದ್ದರೆ ತಪ್ಪು 0.04 ಕೂಡ ಆಗದು. ನೈಟ್ರಿಕ್ ಆಕ್ಸೈಡ್ ಆಕ್ಸಿಜನ್ನಿನ ಶೇ 43ರಷ್ಟು ಎಳೆತ ತೋರಿಸುತ್ತದೆ ನಿಜ, ಆದರೆ 500 ಪಿಪಿಎಂಗೆ (ಹತ್ತು ಲಕ್ಷದಲ್ಲಿ 500 ಪಾಲು) ಬರುವ ತಪ್ಪು 0.02. ಜಿರ್ಕೋನಿಯಾ ಬಿಸಿಯಾಗಿರುವುದರಿಂದ ಉರಿಯುವ ಅನಿಲ ಅದರ ಮೈಮೇಲೇ ಉರಿದು ಆಕ್ಸಿಜನ್ ತಿನ್ನುತ್ತದೆ: ಶೇ 1 ಕಾರ್ಬನ್ ಮಾನಾಕ್ಸೈಡ್ ಅರ್ಧ ಶೇಕಡಾ, ಶೇ 1 ಮೀಥೇನ್ 2 ಶೇಕಡಾ. ಗೋಬರ್ ಗ್ಯಾಸಿಗೆ ಅದನ್ನು ಒಡ್ಡಲೇಬೇಡಿ, ಬೆಂಕಿಯ ಅಪಾಯ. ಅಲ್ಲಿಗೆ ಗ್ಯಾಲ್ವಾನಿಕ್ ಆದೀತು, ಆದರೆ ಮಾಮೂಲು ಕ್ಷಾರದ ಸೆಲ್ ಡೈಆಕ್ಸೈಡಿನಿಂದ ಬೇಗ ಸಾಯುತ್ತದೆ. ಆಮ್ಲದ ಸೆಲ್ ಹಾಕಿ, ಹೈಡ್ರೋಜನ್ ಸಲ್ಫೈಡನ್ನು ಮೊದಲೇ ಸೋಸಿ.

ಇಷ್ಟೆಲ್ಲ ಆದರೂ ಚಿಮಣಿಯ ರೀಡಿಂಗ್ ಏರಿದ್ದರೆ ಅನಿಲಗಳನ್ನು ಬಿಟ್ಟು ಪೈಪು ನೋಡಿ. ಎಳೆಯುವ ಪಂಪಿನ ಮುಂಚಿನ ಜೋಡಣೆಯಲ್ಲಿ ಶೇ 5ರಷ್ಟು ಗಾಳಿ ಸೇರಿದರೂ ನಿಜವಾದ 3.0 ಎಂಬುದು 3.9 ಆಗುತ್ತದೆ. ಪ್ರೋಬಿನ ತುದಿ ಬೆರಳಿಂದ ಮುಚ್ಚಿ: ಹರಿವು ತೋರಿಸುವ ರೋಟಾಮೀಟರಿನ ಗುಂಡು ಪೂರ್ತಿ ತಳಕ್ಕೆ ಇಳಿಯಬೇಕು.