ಕರೆಂಟ್ ಹೋಗಿದೆ ಅಂತ ಮರ ಹತ್ತಬೇಡಿ

ಮುಂಗಾರು ಹಿಡಿಯುವ ಮುಂಚೆ ಮೂಡಿಗೆರೆ, ಸಕಲೇಶಪುರದ ಕಡೆ ತೋಟಗಳಲ್ಲಿ ಮರಗಸಿ, ಅಂದರೆ ನೆರಳಿನ ಮರಗಳ ಕೊಂಬೆ ಕಡಿಯುವ ಕೆಲಸ, ನಡೆಯುತ್ತದೆ. ಅದೇ ಹೊತ್ತಿಗೆ ತಂತಿಗೆ ತಾಗುವ ಕೊಂಬೆ ತೆಗೆಯುವ ಲೈನ್ ಸಿಬ್ಬಂದಿಯ ಜಂಗಲ್ ಕಟಿಂಗ್ ಕೂಡ. ಎರಡೂ ಕಡೆ ಜೀವ ಹೋಗುವುದು ಒಂದೇ ಮಾತಿಗೆ: "ಕರೆಂಟ್ ಇಲ್ಲ ಬಿಡಿ, ಹತ್ತಿ."

ಮನೆಯಲ್ಲಿ ಬಲ್ಬ್ ಆರಿದ ಮಾತ್ರಕ್ಕೆ ತಂತಿ ಸತ್ತಿದೆ ಅನ್ನುವಂತಿಲ್ಲ. ಜಿಓಎಸ್, ಅಂದರೆ ಮೂರೂ ತಂತಿಯನ್ನು ಒಟ್ಟಿಗೆ ಬಿಡಿಸುವ ಕಂಬದ ಮೇಲಿನ ಸ್ವಿಚ್, ಅದರ ಹ್ಯಾಂಡಲ್ ಕೆಳಗೆ ಎಳೆದಿದ್ದರೂ ಮೂರು ಬ್ಲೇಡ್‌ಗಳಲ್ಲಿ ಒಂದು ತುಕ್ಕು ಹಿಡಿದು ಅಂಟಿಕೊಂಡಿರಬಹುದು. ಕೆಳಗೆ ನಿಂತು ಮೂರನ್ನೂ ಕಣ್ಣಾರೆ ನೋಡಬೇಕು. ಇದಕ್ಕಿಂತ ಮೋಸದ್ದು ಜನರೇಟರ್. ಮನೆಯನ್ನು ಲೈನ್‌ನಿಂದ ಬಿಡಿಸಿ ಜನರೇಟರ್‌ಗೆ ಜೋಡಿಸುವ ಚೇಂಜ್‌ಓವರ್ ಸ್ವಿಚ್ ಇಲ್ಲದೆ ತೋಟದ ಮನೆಯಲ್ಲಿ ಜನರೇಟರ್ ಹಾಕಿದರೆ ಆ ಕರೆಂಟ್ ಟ್ರಾನ್ಸ್‌ಫಾರ್ಮರ್‌ಗೆ ಹಿಂದಿನಿಂದ ನುಗ್ಗುತ್ತದೆ. 11,000 ವೋಲ್ಟನ್ನು 415ಕ್ಕೆ ಇಳಿಸುವ ಪೆಟ್ಟಿಗೆ ಆಗ 415ನ್ನು 11,000ಕ್ಕೆ ಏರಿಸುತ್ತದೆ. ಸಬ್‌ಸ್ಟೇಷನ್ ಆಫ್ ಇದೆ, ಮರದ ಮೇಲಿನವನ ಕೈಯ ಹತ್ತಿರದ ತಂತಿ ಆನ್ ಇದೆ.

ಅದಕ್ಕೇ ಎಲ್‌ಸಿ (ಲೈನ್ ಕ್ಲಿಯರ್, ಅಂದರೆ ಲೈನ್ ಆಫ್ ಮಾಡಿ ಕೆಲಸಕ್ಕೆ ಕೊಡುವ ಅನುಮತಿ) ಬರಹದಲ್ಲೇ ಇರಬೇಕು, ಫೋನಿನ ಮಾತು ಸಾಲದು. ಜಿಓಎಸ್‌ಗೆ ಬೀಗ ಬೀಳಬೇಕು. ಟೆಸ್ಟರ್ ಹಿಡಿದು ನೋಡಿದ ಮೇಲೆ, ತಂತಿಯನ್ನು ನೆಲಕ್ಕೆ ಜೋಡಿಸುವ ಅರ್ಥ್ ರಾಡ್: ಮೊದಲು ನೆಲದ ಮೊಳೆ ಹಸಿ ಮಣ್ಣಿಗೆ ಬಡಿದು ಅದಕ್ಕೆ ವೈರ್ ಕಟ್ಟಿ, ಆಮೇಲೆ ಕೊಕ್ಕೆಯನ್ನು ತಂತಿಗೆ ಹಾಕಿ. ತೆಗೆಯುವಾಗ ತಂತಿಯದ್ದು ಮೊದಲು, ನೆಲದ್ದು ಕೊನೆಗೆ. ಮೂರೂ ತಂತಿಗೆ, ಕೆಲಸದ ಜಾಗದ ಎರಡೂ ಬದಿಗೆ ಹಾಕಬೇಕು. ಕರೆಂಟ್ ಯಾವ ಕಡೆಯಿಂದ ಬರುತ್ತದೆ ಅಂತ ಯಾರೂ ಖಾತ್ರಿ ಕೊಡಲಾರರು. ಇದು ಲೈನ್‌ಮನ್ ಕೆಲಸ. ತೋಟದವರು ಸೆಕ್ಷನ್ ಆಫೀಸಿಗೆ ಅರ್ಜಿ ಕೊಟ್ಟು ಕಾಯಬೇಕು, ತುರ್ತಿದ್ದರೆ 1912ಕ್ಕೆ ಫೋನ್ ಮಾಡಬೇಕು.

ಏಣಿಯ ಲೆಕ್ಕವನ್ನೂ ಹೇಳಲೇಬೇಕು. ರಸ್ತೆ ಇಲ್ಲದ ಕಡೆ 11 ಕೆವಿ (11,000 ವೋಲ್ಟ್) ತಂತಿ ನೆಲದಿಂದ ಕನಿಷ್ಠ 4.6 ಮೀಟರ್, ಅಂದರೆ ಸುಮಾರು 15 ಅಡಿ ಎತ್ತರದಲ್ಲಿದ್ದರೆ ನಿಯಮಕ್ಕೆ ಸರಿ. ಮೆಣಸು ಕುಯ್ಯುವ ಅಲ್ಯೂಮಿನಿಯಂ ಏಣಿ 20 ಅಡಿ ದಾಟುತ್ತದೆ. ಮರದಿಂದ ಮರಕ್ಕೆ ಅದನ್ನು ನಿಲ್ಲಿಸಿಕೊಂಡೇ ಒಯ್ಯುವ ಆ ಹತ್ತು ಹೆಜ್ಜೆಯಲ್ಲಿ, ಕಣ್ಣು ನೆಲದ ಮೇಲಿದ್ದಾಗ, ಏಣಿಯ ತುದಿ ತಂತಿ ಮುಟ್ಟುತ್ತದೆ. ಲೈನ್ ಕೆಳಗೆ ಏಣಿಯನ್ನು ಮಲಗಿಸಿಯೇ ಒಯ್ಯಿರಿ, ಇಬ್ಬರು ಹಿಡಿದು. ಬಿದಿರಿನ ಏಣಿಯೂ ಒದ್ದೆಯಾದರೆ ನಂಬಿಕೆಯದ್ದಲ್ಲ.

ಇನ್ನು ಕಡಿಯುವ ವಿಷಯ. ಮರಕ್ಕೂ 11 ಕೆವಿ ತಂತಿಗೂ 2.6 ಮೀಟರ್, 33 ಕೆವಿಗೆ 2.8 ಮೀಟರ್ ಅಂತರ ಬೇಕು. ಇದನ್ನು ಸೆಕೆಗಾಲದ ನಿಂತ ಗಾಳಿಯಲ್ಲಿ ಅಳೆದರೆ ಉಪಯೋಗವಿಲ್ಲ. ಆಷಾಢದ ಗಾಳಿಗೆ ಕೊಂಬೆ ಎಲ್ಲಿಗೆ ತೂಗುತ್ತದೆ, ಅಷ್ಟರಲ್ಲಿ ಎಷ್ಟು ಚಿಗುರುತ್ತದೆ ಎರಡನ್ನೂ ಸೇರಿಸಿ ಕಡಿಯಬೇಕು. ಸಿಲ್ವರ್ ಓಕ್‌ನ ತಲೆಯನ್ನು ತಂತಿಯ ಸ್ವಲ್ಪ ಕೆಳಗೆ ಹಾರಿಸುವುದು ಎಲ್ಲೆಡೆ ಕಾಣುವ ತಪ್ಪು. ಕಡಿದ ಜಾಗದಿಂದ ನೆಟ್ಟಗೆ ಚಿಗುರುಗಳ ಗೊಂಚಲೇ ಏಳುತ್ತದೆ. ಅವಕ್ಕೆ ಹಳೆಯ ಕೊಂಬೆಯಂತೆ ಮರದೊಳಗೆ ಬೇರಿಲ್ಲ, ಹೊರಪದರಕ್ಕಷ್ಟೇ ಅಂಟಿರುತ್ತವೆ. ದಪ್ಪಗಾದ ಮೇಲೆ ಗಾಳಿಗೆ ಕಿತ್ತು ಸೀದಾ ತಂತಿ ಮೇಲೇ ಬೀಳುತ್ತವೆ. ಲೈನ್ ಕಡೆಯ ಕೊಂಬೆಗಳನ್ನು ಬುಡದಿಂದ ತೆಗೆಯಿರಿ, ಆಚೆ ಬದಿಯದ್ದು ಬಿಡಿ. ಕಾಂಡವೇ ತಂತಿಯ ನೇರ ಕೆಳಗಿದ್ದರೆ ಮೆಣಸಿನ ಬಳ್ಳಿಯ ಆಸೆ ಬಿಟ್ಟು ಮರವನ್ನೇ ತೆಗೆಸುವುದು ಒಳ್ಳೆಯದು.

ದಪ್ಪ ಕೊಂಬೆಗೆ ಮೂರು ಕೊಯ್ತ. ಕಾಂಡದಿಂದ ಒಂದಡಿ ದೂರ ಕೆಳಗಿನಿಂದ ಮೂರನೇ ಒಂದು ಭಾಗ. ಅದರಿಂದ ಎರಡು ಇಂಚು ಆಚೆ ಮೇಲಿನಿಂದ ಪೂರ್ತಿ. ಕೊನೆಗೆ ಉಳಿದ ಮೋಟನ್ನು ಕಾಂಡದ ಪಕ್ಕದ ಉಬ್ಬಿದ ಬಳೆಗೆ ಗಾಯವಾಗದಂತೆ. ಕೆಳಗಿನ ಕೊಯ್ತ ಬಿಟ್ಟರೆ ಸಿಪ್ಪೆ ಸುಲಿದು, ಕೊಂಬೆ ಅದಕ್ಕೇ ಜೋತು ಬಾಗಿಲಿನಂತೆ ತಿರುಗುತ್ತದೆ, ಬಹಳ ಸಲ ತಂತಿಯ ಕಡೆಗೇ. ತಂತಿಯ ಮೇಲೆ ಚಾಚಿದ್ದನ್ನು ಮೊದಲೇ ಹಗ್ಗ ಕಟ್ಟಿ, ತುದಿಯಿಂದ ತುಂಡು ತುಂಡಾಗಿ ಇಳಿಸಿ.

ಹಸಿರು ಕೊಂಬೆಯ ತುದಿಯಲ್ಲಿ ನಾಲ್ಕೈದು ಎಲೆ ಮಾತ್ರ ಸುಟ್ಟು ಕಂದಾಗಿದ್ದರೆ ಅದು ರೋಗವಲ್ಲ, ತಂತಿ ತಾಗುತ್ತಿದೆ. ಮರದ ಮೂಲಕ ನೆಲಕ್ಕಿಳಿಯುವ ಕರೆಂಟ್ ಕಡಿಮೆಯಾದ್ದರಿಂದ ಸಬ್‌ಸ್ಟೇಷನ್‌ನ ಬ್ರೇಕರ್ ತಾನಾಗಿ ಆಫ್ ಆಗದೇ ಇರಬಹುದು, ಮನುಷ್ಯನನ್ನು ಕೊಲ್ಲಲು ಅಷ್ಟೇ ಸಾಕು. ಆ ಮರ ಮುಟ್ಟದೆ ತಿಳಿಸಿ.

ಕೆಲಸ ಮುಗಿದ ಮೇಲೆ ಎಲ್‌ಸಿ ತಗೊಂಡವರೇ ಅದನ್ನು ವಾಪಸ್ ಕೊಡಬೇಕು. ಅದಕ್ಕೂ ಮುಂಚೆ ಮರದಿಂದ ಇಳಿದವರನ್ನು ಹೆಸರು ಕೂಗಿ ಎಣಿಸಿ, ಕೆಳಗೆ ಬಂದ ಅರ್ಥ್ ರಾಡ್‌ಗಳನ್ನೂ ಎಣಿಸಿ.