ಟೇಬಲ್ ಅಡಿಯ ಉದ್ದ ತೂತುಗಳು

ಡಿಸೈನ್ ಕೋರ್ಸಲ್ಲಿ ಈ ಸಲ ಕೊಟ್ಟಿದ್ದ ಪ್ರಾಜೆಕ್ಟ್ ಒಂದು ಚಿಕ್ಕ ಟೇಬಲ್. ಎರಡು ಮೆಟೀರಿಯಲ್ ಇರ್ಬೇಕು, ಅವೆರಡೂ ಸೇರೋ ಜಾಗವನ್ನ ನಾವೇ ಯೋಚ್ನೆ ಮಾಡಿ ಮಾಡ್ಬೇಕು, ಷರತ್ತು ಅಷ್ಟೇ. ನಾನು ಮೇಲೆ ತೇಗದ ಹಲಗೆ, ಕೆಳಗೆ ಕಬ್ಬಿಣದ ಫ್ರೇಮ್ ಅಂತ ಆರಿಸ್ಕೊಂಡೆ. ಹಲಗೆ 450 ಮಿಮೀ ಚೌಕ, ಎತ್ತರನೂ ಅಷ್ಟೇ, ಸೋಫಾ ಪಕ್ಕ ಇಟ್ಕೊಳ್ಳೋ ಅಂಥದ್ದು.

ಫ್ರೇಮ್ ಕೆಲಸದ ಬಗ್ಗೆ ಮೊದ್ಲು ಹೇಳ್ಬಿಡ್ತೀನಿ, ಅದರ ಖುಷಿನೇ ಬೇರೆ. 20 ಮಿಮೀ ಚೌಕದ ಎಂಎಸ್ (ಮೈಲ್ಡ್ ಸ್ಟೀಲ್) ಟ್ಯೂಬ್, 1.6 ಮಿಮೀ ದಪ್ಪದ್ದು, ನಾಲ್ಕು ತುಂಡು, ತುದಿಗಳನ್ನ 45 ಡಿಗ್ರಿಗೆ ಕಟ್ ಮಾಡಿ ಕಬ್ಬಿಣದ ಮೇಜಿನ ಮೇಲೆ ಕ್ಲ್ಯಾಂಪ್ ಹಾಕಿದೆ. ವೆಲ್ಡಿಂಗ್ ಅಂದ್ರೆ ಒಂದು ಮೂಲೆಯಿಂದ ಶುರು ಮಾಡಿ ಸುತ್ತ ಬಂದು ಮುಗಿಸೋದಲ್ಲ, ಕರಗಿದ ಲೋಹ ತಣ್ಣಗಾಗ್ತಾ ಕುಗ್ಗುತ್ತೆ, ಕುಗ್ಗುವಾಗ ಟ್ಯೂಬನ್ನೂ ತನ್ನ ಕಡೆ ಎಳ್ಕೊಳ್ಳುತ್ತೆ, ಅದಕ್ಕೇ ಮೊದ್ಲು ನಾಲ್ಕೂ ಮೂಲೆಗೆ ಬರೀ ಟ್ಯಾಕ್, ಅಂದ್ರೆ ಚುಕ್ಕೆಯಷ್ಟು ವೆಲ್ಡ್, ಹಾಕೋದು, ಆಮೇಲೆ ಟೇಪ್ ಹಿಡಿದು ಎರಡೂ ಕರ್ಣ ಅಳೆಯೋದು. 400 ಮಿಮೀ ಚೌಕಕ್ಕೆ ಕರ್ಣ 566ರ ಹತ್ರ ಬರ್ಬೇಕು. ನಂದು ಒಂದು ಕಡೆ 567, ಇನ್ನೊಂದು ಕಡೆ 565. ಟ್ಯಾಕ್ ಹಂತದಲ್ಲಿ ಇದೇನೂ ದೊಡ್ಡದಲ್ಲ, ಕ್ಲ್ಯಾಂಪ್ ಸಡಿಲ ಮಾಡಿ ಉದ್ದ ಇರೋ ಕರ್ಣದ ಮೂಲೆಗೆ ಮರದ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದ್ರೆ ಸಮ ಆಗುತ್ತೆ. ಪೂರ್ತಿ ವೆಲ್ಡ್ ಮಾಡುವಾಗ್ಲೂ ಒಂದು ಮೂಲೆ ಆದ್ಮೇಲೆ ಅದರ ಎದುರಿನ ಮೂಲೆ, ಬಿಸಿ ಒಂದೇ ಕಡೆ ಸೇರಬಾರ್ದು. ಹೆಲ್ಮೆಟ್ ಗಾಜಿನ ಒಳಗಿಂದ ಆ ಹಸಿರು ಬೆಳಕಲ್ಲಿ ಕರಗಿದ ಲೋಹ ಅಕ್ಕಿಕಾಳಿನಷ್ಟು ಮಾತ್ರ ಕಾಣುತ್ತೆ, ಅದು ಎರಡೂ ಟ್ಯೂಬಿನ ಅಂಚಿಗೂ ತಾಗ್ತಿದೆಯಾ ಅಂತ ನೋಡ್ತಾ ಕೈ ಮುಂದೆ ಮುಂದೆ ಸಾಗ್ಬೇಕು, ಆಗ ಬೇರೆ ಯಾವ ಯೋಚ್ನೆನೂ ತಲೆಗೆ ಬರಲ್ಲ.

ಮರದ ಕಥೆ ಬೇರೆ. ಕಬ್ಬಿಣ ಒಂದ್ಸಲ ಸರಿಯಾಗಿ ಕೂತ್ರೆ ಕೂತ ಹಾಗೇ ಇರುತ್ತೆ, 20 ಡಿಗ್ರಿ ಬಿಸಿ ಏರಿದ್ರೂ 450 ಮಿಮೀ ಟ್ಯೂಬ್ ಬೆಳೆಯೋದು ಹೆಚ್ಚೂಕಮ್ಮಿ 0.1 ಮಿಮೀ. ಮರ ಹಾಗಲ್ಲ. ಎಳೆಯ ಉದ್ದಕ್ಕೆ ಏನೂ ಆಗಲ್ಲ ಅಂತ್ಲೇ ಹೇಳ್ಬಹುದು, ಆದ್ರೆ ಅಡ್ಡಕ್ಕೆ ಗಾಳಿಯಲ್ಲಿ ತೇವ ಜಾಸ್ತಿ ಆದ್ರೆ ಹಿಗ್ಗುತ್ತೆ, ಒಣಗಿದ್ರೆ ಕುಗ್ಗುತ್ತೆ, ಅದರಲ್ಲೂ ಮರದ ಬೆಳವಣಿಗೆಯ ಉಂಗುರದ ಗುಂಟ ಆಗೋ ಕುಗ್ಗುವಿಕೆ ತಿರುಳಿಂದ ತೊಗಟೆ ಕಡೆಗೆ ಆಗೋದಕ್ಕಿಂತ ಸುಮಾರು ಎರಡರಷ್ಟು. ನನ್ನ ಹಲಗೆ ಅಗಲಕ್ಕೆ ಲೆಕ್ಕ ಹಾಕಿದ್ರೆ 2ರಿಂದ 3 ಮಿಮೀ ಓಡಾಟ ಇರುತ್ತೆ, ಅದೂ ತೇಗದಲ್ಲಿ, ತೇಗ ಅಂದ್ರೆ ಕಮ್ಮಿ ಅಲ್ಲಾಡೋ ಮರಗಳಲ್ಲಿ ಒಂದು.

ಹಾಗಾದ್ರೆ ಬಿಗಿಯಾಗಿ ನಾಲ್ಕು ಸ್ಕ್ರೂ ಹಾಕ್ಬಿಟ್ರೆ? ವರ್ಕ್‌ಶಾಪ್ ನೋಡ್ಕೊಳ್ಳೋ ಸರ್ ಹಲಗೆ ಮೇಲೆ ಕೈ ಆಡಿಸ್ತಾ ಹೇಳಿದ್ರು, "ನೋಡಮ್ಮಾ, ಮರಕ್ಕೆ ನೀನು ಜಾಗ ಬಿಡು, ಬಿಡದೇ ಇದ್ರೆ ಸೀಳ್ಕೊಂಡು ಅದೇ ಜಾಗ ಮಾಡ್ಕೊಳ್ಳುತ್ತೆ." ಅವತ್ತು ಇಡೀ ಮಧ್ಯಾಹ್ನ ಕೂತಿದ್ದು ಇದಕ್ಕೇನೇ. ಫ್ರೇಮ್ ಒಳಗೆ ಕಬ್ಬಿಣದ ಪಟ್ಟಿ ಬೆಸುಗೆ ಹಾಕಿ, ಮಧ್ಯದಲ್ಲಿ ಮಾತ್ರ ಬೋಲ್ಟಿಗೆ ಸರಿಯಾಗಿ ಕೂರೋ ದುಂಡು ತೂತು, ಎರಡೂ ಪಕ್ಕದಲ್ಲಿ 7 ಮಿಮೀ ಅಗಲ 14 ಮಿಮೀ ಉದ್ದದ ತೂತು, ಆ ಉದ್ದ ಎಳೆಗೆ ಅಡ್ಡವಾಗಿ ಬರೋ ಹಾಗೆ. ಅಕ್ಕಪಕ್ಕ ಎರಡು ತೂತು ಡ್ರಿಲ್ ಮಾಡಿ ಮಧ್ಯ ಉಳಿದಿದ್ದನ್ನ ದುಂಡು ಅರದಲ್ಲಿ ಉಜ್ಜಿ ತೆಗೆಯೋದು, ನಿಧಾನದ ಕೆಲಸ, ಆದ್ರೆ ಆ ಒಳಗಿನ ಅಂಚು ನುಣ್ಣಗಿರ್ಲೇಬೇಕು, ಬೋಲ್ಟ್ ಅಲ್ಲಿ ಜಾರ್ಬೇಕಲ್ವಾ. ಮರದೊಳಗೆ ಎಂ6 ಇನ್ಸರ್ಟ್ (6 ಮಿಮೀ ಬೋಲ್ಟ್ ಕೂರೋ, ಒಳಗೆ ಮರೆ ಇರೋ ಲೋಹದ ಕೊಳವೆ), ಕೆಳಗಿಂದ ಅಗಲದ ವಾಷರ್ ಹಾಕಿ ಬೋಲ್ಟ್. ಕೈಗೆ ಬಿಗಿ ಸಿಕ್ಕಿದ ತಕ್ಷಣ ನಿಲ್ಲಿಸ್ಬೇಕು, ಅದಕ್ಕಿಂತ ಜಾಸ್ತಿ ತಿರುಗಿಸಿದ್ರೆ ಉದ್ದ ತೂತು ಇದ್ದೂ ಇಲ್ಲದ ಹಾಗೇನೇ. ಬಿಗಿ ಮಾಡಿ ಹಲಗೆ ಅಂಚು ಹಿಡಿದು ಎತ್ತಿದೆ, ಫ್ರೇಮ್ ಸಮೇತ ಬಂತು, ಎಲ್ಲೂ ಕಟಕಟ ಸದ್ದಿಲ್ಲ.

ಡಿಸೈನರ್ ಮಾರ್ಸೆಲ್ ಬ್ರಾಯರ್ 1925ರಲ್ಲಿ ಬಗ್ಗಿಸಿದ ಸ್ಟೀಲ್ ಟ್ಯೂಬಿನ ಕುರ್ಚಿ ಮಾಡಿದಾಗ ಜರ್ಮನಿಯ ಡಿಸೈನ್ ಶಾಲೆ ಬೌಹೌಸಿನಲ್ಲಿ ಮರಗೆಲಸದ ವರ್ಕ್‌ಶಾಪನ್ನೇ ನೋಡ್ಕೊಳ್ತಿದ್ರು. ಕ್ಲಾಸಲ್ಲಿ ಓದಿದಾಗ ಪರೀಕ್ಷೆಗೆ ಬೇಕಾದ ವಿಷಯ ಅಷ್ಟೇ ಅನ್ಸಿತ್ತು, ಈಗ ಅದು ತುಂಬಾ ಸಹಜ ಅನ್ಸುತ್ತೆ. ಮರ ಗೊತ್ತಿರೋರಿಗೆ ಕಬ್ಬಿಣ ಎಲ್ಲಿ ಬೇಕು ಅಂತ ಬೇಗ ಕಾಣುತ್ತೆ ಅಂತ ನನ್ನ ನಂಬಿಕೆ.

ಫಿನಿಶಿಂಗ್ ಬೇಗ ಮುಗೀತು. ಫ್ರೇಮಿಗೆ ರೆಡ್ ಆಕ್ಸೈಡ್ ಪ್ರೈಮರ್, ಮೇಲೆ ಕಪ್ಪು ಮ್ಯಾಟ್ ಪೇಂಟ್, ಇದನ್ನ ಜೋಡಿಸೋ ಮೊದ್ಲೇ ಮಾಡ್ಬೇಕು, ಟ್ಯಾನಿನ್ (ಚಹಾದಲ್ಲಿರೋ ಥರದ ಒಗರು ಅಂಶ) ಇರೋ ಮರಕ್ಕೆ ಬರೀ ಕಬ್ಬಿಣ ತಾಗಿ ತೇವ ಸೇರಿದ್ರೆ ಕಪ್ಪು ಕಲೆ ಬೀಳುತ್ತೆ. ಹಲಗೆಗೆ 120, 180, 240 ಅಂತ ಸ್ಯಾಂಡ್‌ಪೇಪರ್ ಉಜ್ಜಿ ಲಿನ್‌ಸೀಡ್ ಎಣ್ಣೆ. ಮನೇಲಿ ಮಾಡೋರು ದಯವಿಟ್ಟು ಇದೊಂದು ನೆನಪಿಟ್ಕೊಳ್ಳಿ, ಆ ಎಣ್ಣೆ ಬಟ್ಟೆಯನ್ನ ಮುದ್ದೆ ಮಾಡಿ ಎಸೀಬೇಡಿ, ಒಣಗುವಾಗ ತಾನಾಗೇ ಬಿಸಿಯಾಗಿ ಬೆಂಕಿ ಹತ್ಕೊಳ್ಳುತ್ತೆ, ಹೊರಗೆ ಹರಡಿ ಒಣಗಿಸಿ.

ಈಗ ಫ್ರೇಮ್ ಅಂಚಿಂದ ಹಲಗೆ ಅಂಚಿಗೆ ಎರಡೂ ಕಡೆ 25 ಮಿಮೀ ಇದೆ. ಹಲಗೆ ಅಡಿಯಲ್ಲಿ ಪೆನ್ಸಿಲಲ್ಲಿ ತಾರೀಕಿನ ಜೊತೆ ಬರೆದಿಟ್ಟಿದೀನಿ, ಒಣ ಕಾಲದಲ್ಲಿ ಒಂದ್ಸಲ, ತೇವದ ಕಾಲದಲ್ಲಿ ಒಂದ್ಸಲ ಕ್ಯಾಲಿಪರ್ ಹಿಡಿದು ಅಳೆದು ಪಕ್ಕದಲ್ಲೇ ಬರೀತೀನಿ, ನನ್ನ 2–3 ಮಿಮೀ ಲೆಕ್ಕ ಎಷ್ಟು ಸರಿ ಅಂತ ಆಗ ಗೊತ್ತಾಗುತ್ತೆ.